ಬೆಡಗು

ಮಂಡ್ಯದ ನಾಲೆ ಬದಿಯ ಫಾರಂ, ಪ್ಲಾಟ್ ಹದಿನಾಲ್ಕು.
ಎಡಕ್ಕೆ ಕಬ್ಬು, ಬಲಕ್ಕೆ ರಾಗಿ, ನಡುವೆ
ಇಲ್ಲಿ ಯಾರೂ ಹೆಸರಿಡದ ಬೆಳೆ.
ಲೇಬಲ್ಲಿನಲ್ಲಿ ಬಕ್‌ವೀಟ್ ಎಂದಿದೆ.
ನಿಂಗಾಜಮ್ಮ ಕಾಳನ್ನು ಅಂಗೈಯಲ್ಲಿ ಹೊರಳಿಸಿ
ಬಿತ್ತನೆಯ ದಿನವೇ ನಾಮಕರಣ ಮುಗಿಸಿದ್ದಳು:
ಮುಮ್ಮೂಲೆ.

ಡಿಸೆಂಬರಿನ ಏಳೂವರೆ. ಇಬ್ಬನಿ ಆರುವ ಮುಂಚೆ
ಕುಕ್ಕರಗಾಲಲ್ಲಿ ಕೂತುಬಿಡಬೇಕು.
ಈ ಹೂವಿನ ಆಯಸ್ಸು ಒಂದೇ ಹಗಲು.
ಐದು ಬಿಳಿ ಎಸಳು, ಎಂಟು ಕೇಸರ, ಮೂರು ಶಲಾಕೆ.
ಒಂದು ಗಿಡದಲ್ಲಿ ಶಲಾಕೆ ಉದ್ದ, ಕೇಸರ ಗಿಡ್ಡ;
ಪಕ್ಕದ್ದರಲ್ಲಿ ಕೇಸರ ಎದ್ದು ನಿಂತು
ಶಲಾಕೆ ಒಳಗೆಲ್ಲೋ ಮುದುಡಿಕೊಂಡಿದೆ.
ನೂರಕ್ಕೆ ಅರ್ಧ ಇದು, ಅರ್ಧ ಅದು, ಎನ್ನುತ್ತದೆ ಪುಸ್ತಕ.
ನಾನು ಎಣಿಸಿದೆ. ಐವತ್ಮೂರು, ನಲವತ್ತೇಳು.

ಉದ್ದಕ್ಕೆ ಗಿಡ್ಡದ ಪರಾಗ, ಗಿಡ್ಡಕ್ಕೆ ಉದ್ದದ್ದು;
ಕಾಳು ಕಟ್ಟುವುದು ಆಗ ಮಾತ್ರ.
ತನ್ನದನ್ನು ತಾನು ಒಲ್ಲದು.
ತನ್ನಂಥದ್ದನ್ನೂ ಒಲ್ಲದು,
ಅದು ಹತ್ತು ಸಾಲು ಆಚೆಯ ಅಪರಿಚಿತನೇ ಆಗಿರಲಿ.

'ಬೆಡಗು ನೋಡ್ತದೆ ಅನ್ನು' ಎಂದಳು ನಿಂಗಾಜಮ್ಮ
ಚಿಮಟವನ್ನು ಸ್ಪಿರಿಟ್ಟಿಗೆ ಅದ್ದುತ್ತಾ.
'ಒಂದೇ ಬೆಡಗು ಅಂದ್ರೆ ಅಣ್ಣ ತಂಗೇರು.
ಎಣ್ಣು ಕೇಳಕ್ಕೇ ಓಗಂಗಿಲ್ಲ.'
ಎರಡು ಸೆಮಿಸ್ಟರ್ ಹಿಡಿದಿತ್ತು ನನಗೆ
ಇಷ್ಟು ತಿಳಿಯುವುದಕ್ಕೆ.

ರಾಗಿಗೆ ಇದರ ಗೋಜಿಲ್ಲ.
ಬಾಗಿಲು ಮುಚ್ಚಿಕೊಂಡೇ ಬಸಿರಾಗಿ
ತಾಯಿಯಂಥದೇ ತೆನೆ, ಮೊಮ್ಮಗಳೂ ಅದೇ ತೆನೆ.
ದೇವೀರಪ್ಪ ಸರ್‌ಗೆ ಅಂಥ ಮುಮ್ಮೂಲೆ ಬೇಕು.
ಇವತ್ತು ಮೆಚ್ಚಿದ ಗಿಡ ಮುಂದಿನ ವರ್ಷ
ಯಾರದೋ ಪರಾಗದಲ್ಲಿ ಕರಗಿ ಹೋದರೆ
ಯಾವ ತಳಿ, ಎಲ್ಲಿಯ ಬಿಡುಗಡೆ?
ಕಾಡಿನ ದಾಯಾದಿಯೊಂದಿದೆ, ತನ್ನನ್ನೇ ವರಿಸಬಲ್ಲದ್ದು.
ಅದನ್ನು ತಂದು ಕೂಡಿಸಿದರು.
ಭ್ರೂಣ ಒಣಗುವ ಮೊದಲೇ ಬಗೆದು ತೆಗೆದು
ಗಾಜಿನ ಕೊಳವೆಯಲ್ಲಿ ಬೆಳೆಸಿದರು.
ಅದರ ಕುಡಿಗೆ ಚೀಲ ಕಟ್ಟಿದೆವು.
ಒಂಟಿ ಗಿಡ, ಮುಚ್ಚಿದ ಚೀಲ, ಒಳಗೆ ಕಾಳು!
ಅವತ್ತು ಎಲ್ಲರಿಗೂ ಮದ್ದೂರು ವಡೆ.
ನಾಲ್ಕನೇ ತಲೆಮಾರಿಗೆ ಗಿಡ ಮೊಣಕಾಲೆತ್ತರಕ್ಕೇ ನಿಂತಿತು.
ಎಲೆ ಬಿಳಿಚಿತು.
ವಡೆಯ ಮಾತು ಯಾರೂ ಎತ್ತಲಿಲ್ಲ.

ಒಲ್ಲೆ ಎಂದ ಶಲಾಕೆಯೊಂದನ್ನು ನೀಲಿಯಲ್ಲಿ ನೆನೆಸಿ
ಮೈಕ್ರೋಸ್ಕೋಪಿನ ಕೆಳಗಿಟ್ಟು ಅವಳನ್ನು ಕರೆದೆ.
ಪರಾಗದ ನಳಿಕೆ ಇಳಿದಿತ್ತು, ಹೊಳೆಯುತ್ತಾ, ಅರ್ಧ ದಾರಿ.
ಅಲ್ಲಿ ತುದಿ ಊದಿಕೊಂಡು
ನಿಂತುಬಿಟ್ಟಿತ್ತು.
ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

'ನನ್ನ ಸೋದರಮಾವುಂಗೆ ಕೊಟ್ರು ಕಣವ್ವ. ಅದಿನೈದು ನಂಗೆ.
ಬೆಡಗು ಬ್ಯಾರೇನೆ. ಎಲ್ಲಾ ಸರೀಗಿತ್ತು.
ಎಲ್ರೂ ಕೇಳಿದ್ದು ಬೆಡಗನ್ನೇ.'

ಹೂವೂ ಹಾಗೇ, ಹೇಳಬೇಕೆಂದುಕೊಂಡೆ:
ಒಂದೇ ತಾಯಿಯ ಕಾಳುಗಳಲ್ಲಿ
ಅಣ್ಣ ಉದ್ದ, ತಂಗಿ ಗಿಡ್ಡವಾದರೆ
ಅದೂ ಬಾಗಿಲು ತೆರೆಯುತ್ತದೆ.
ನೋಡುವುದು ಬೆಡಗು ಮಾತ್ರ, ರಕ್ತವನ್ನಲ್ಲ.
ಹೇಳಲಿಲ್ಲ.
ಅವಳಾಗಲೇ ಚೀಲದ ಬಾಯಿಗೆ ಪಿನ್ನು ಹಾಕುತ್ತಿದ್ದಳು.

ಚೀಲ ಇನ್ನೂರ ಹದಿನೇಳು: ಹರಿದಿದೆ.
ತುಡುವೆ ಜೇನು ಒಳಗೆ ಹೊಕ್ಕಿದೆ.
ತಂದೆ ಯಾರೆಂದು ತಿಳಿಯದು. ಲೆಕ್ಕಕ್ಕಿಲ್ಲ, ಎಂದು ಬರೆದೆ.

ಜನವರಿಯಲ್ಲಿ ಅದನ್ನು ಬಿಚ್ಚಿದವಳು ಅವಳೇ.
ಕಪ್ಪಗೆ, ದಪ್ಪಗೆ, ಒಂಬತ್ತು ಕಾಳು.
ಕಸಕ್ಕೆ ಎಂದು ನಾನು ತೋರಿಸಿದ ಬುಟ್ಟಿಯನ್ನು ದಾಟಿ
ಸೆರಗಿನ ತುದಿಗೆ ಗಂಟು ಹಾಕಿ
ಸೊಂಟಕ್ಕೆ ಸಿಕ್ಕಿಸಿಕೊಂಡಳು.
ಬಸ್ ಸ್ಟಾಪಿನವರೆಗೂ
ಮೂಲೆ ಚುಚ್ಚುತ್ತದೆ ಎಂದು ಬೈಯುತ್ತಲೇ ನಡೆದಳು,
ಗಂಟನ್ನು ಮಾತ್ರ ಸಡಿಲಿಸದೆ.