ಸುಳಿ ಎಣಿಸುವ ದಿನ

ಉತ್ತರಿ ಮಳೆಗೇ ಬಿತ್ತಿದೆವು, ಬೇಕಂತಲೇ,
ನೊಣ ಹಸಿದಿರುವ ದಿನ ನೋಡಿ.
ಎರಿ ಹೊಲದ ಬದುವಿನಲ್ಲಿ ನಿಂತು ನಕ್ಕರು ಊರವರು:
ಬಿತ್ತೋದೊಂದು ಬಿಟ್ಟು ಎಲ್ಲಾ ಓದಿ ಬಂದಾರ!

ಮೊಳಕೆ ಎದ್ದ ಎಂಟನೆಯ ದಿನ
ತೀನ್ ಕಂದೀಲ್ ಹತ್ತಿರದ ಅಂಗಡಿಯಿಂದ
ಎರಡು ಚೀಲ ಒಣಮೀನಿನ ಪುಡಿ ತಂದೆ,
ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ನಾನು.
ಸಾಲಿನ ನಡುವೆ ಉಗ್ಗಿದೆವು.
ಕರೆಯೋಲೆ ಹೋದಂತೆ ಬಂದವು ಸುಳಿ ನೊಣ.
ಲಿಂಗಸುಗೂರು ಬಸ್ಸಿನಲ್ಲಿ ಆ ವಾರವೆಲ್ಲ
ನನ್ನ ಪಕ್ಕದ ಸೀಟು ಖಾಲಿ.

ಎಲೆಯಡಿಗೆ ಒಂದೇ ಮೊಟ್ಟೆ, ಬಿಳಿ, ಎಳ್ಳಿಗಿಂತ ಸಣ್ಣದು.
ನಸುಕಿನ ಇಬ್ಬನಿ ಹಿಡಿದು ಮರಿ ಸುಳಿಗೆ ಜಾರುತ್ತದೆ.
ಆಮೇಲೆ ನಡುವಿನ ಎಲೆ ಎಳೆದರೆ
ಕೈಗೇ ಬರುತ್ತದೆ, ಬುಡದಲ್ಲಿ ಕೊಳೆತ ನಾತ.

ಹುಸೇನಮ್ಮ ಎಣಿಸುತ್ತಾಳೆ, ನಾನು ಬರೆಯುತ್ತೇನೆ.
ಸಾಲು ಹನ್ನೆರಡು: ಇಪ್ಪತ್ತಕ್ಕೆ ಹದಿನೇಳು ಸತ್ತಾವ.
ಸಾಲು ಹದಿಮೂರು: ನೊಣ ಕುಂತು ಎದ್ದು ಹೋಗೈತ್ರಿ ಸರ.
ಎಲೆ ಎಣ್ಣೆ ಸವರಿದಂತೆ ಮಿರಮಿರ,
ಹಿಂದೆ ಸಣ್ಣ ಕೂದಲು, ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವಂಥವು.

ಇದರ ತಾಯಿಯನ್ನು ನಾನು ಬಲ್ಲೆ.
ಹೋದ ವರ್ಷ, ಮೂರೆಲೆ ಇದ್ದಾಗಲೇ ಚೂರು ಹರಿದು,
ಅರೆದು, ಜೆಲ್ಲಿನಲ್ಲಿ ಓಡಿಸಿ, ಕತ್ತಲ ಕೋಣೆಯಲ್ಲಿ
ಮಿಣುಕುವ ಗೆರೆ ಹುಡುಕಿದ್ದೆ.
ಗೆರೆ ಇಲ್ಲದವನ್ನು ಕೀಳಿಸಿದೆ,
ತೊಂಬತ್ತಾರರಲ್ಲಿ ಐವತ್ತೊಂದು, ಇವಳ ಕೈಯಲ್ಲೇ.
ಇನ್ನಾ ತೆನಿ ಹಿಡಿದಿಲ್ಲ, ಏನು ತಪ್ಪು ಮಾಡ್ಯಾವಂತ? ಅಂದಿದ್ದಳು.
ಆಡಿಗೆ ಹಾಕಬೇಡ, ಎಳೆ ಜೋಳ ವಿಷ, ಅಂದೆ.
ನನಗ ಹೇಳ್ತೀರೇನ್ರಿ ಅದನ್ನ?

ಇವತ್ತು ಕೇಳಿದಳು, ಆ ಗೆರಿ ಎಲ್ಲಿದು?
ಬೇರೆ ಸೀಮೆಯ ತಳಿಯದು. ಸಣ್ಣ ಕಾಳು, ರೊಟ್ಟಿಗೆ ಬಾರದ್ದು.
ಅದನ್ನು ನಮ್ಮ ಬಿಳಿಜೋಳಕ್ಕೆ ಕೂಡಿಸಿ,
ಹುಟ್ಟಿದ್ದನ್ನು ಮತ್ತೆ ಬಿಳಿಜೋಳಕ್ಕೇ,
ಮತ್ತೆ, ಮತ್ತೆ, ಆರು ಸಲ.

ಸೋದರಮಾವಗ ಕೊಟ್ಟಂಗ, ಅಂದಳು.
ಅವಳನ್ನೂ ಹಾಗೇ ಕೊಟ್ಟಿದ್ದರು.
ಹೂಂ ಅನ್ನಲು ನಾಲಗೆ ಏಳಲಿಲ್ಲ.
ಹಂಗಾದ್ರ ಹೊರಗಿಂದ ಬಂದಾಕಿದು
ಕಡಿಗಿ ಏನು ಉಳಿತೈತ್ರಿ?

ಬಣ್ಣ ಹೋಗುತ್ತದೆ, ಎತ್ತರ ಹೋಗುತ್ತದೆ,
ತೆನೆ ಬಾಗುವ ರೀತಿ,
ಕಾಳು ಮಾಗುವ ದಿನ ಕೂಡ
ಈ ಮನೆಯದೇ ಆಗುತ್ತದೆ.
ಒಂದು ಗೆರೆ ಉಳಿಯುತ್ತದೆ.

ಸುಮ್ಮನೆ ಮುಂದಿನ ಸಾಲಿಗೆ ಹೋದಳು,
ಸೀರೆ ಮೇಲೆತ್ತಿ ಕಟ್ಟಿ, ಬಗ್ಗಿ.
ಬಿಸಿಲು ನೆತ್ತಿಗೇರಿದಾಗ ಅಲ್ಲಿಂದಲೇ ಕೂಗಿದಳು:
ಹಟ ಅನ್ರಿ ಅದಕ್ಕ. ಗೆರಿ ಅಲ್ಲ.

ಸಾಲು ಹದಿನಾಲ್ಕಕ್ಕೂ ಗೆರೆ ಇತ್ತು.
ಆದರೂ ಆರು ಸತ್ತಿದ್ದವು. ಅದನ್ನೂ ಬರೆದೆ.

ರಾಶಿಯ ದಿನ ಎರಡು ಸಾಲಿನ ಕಾಳು
ಸೆರಗಿನ ಎರಡು ತುದಿಗೆ ಗಂಟು ಕಟ್ಟಿ ಒಯ್ದಳು,
ನನ್ನ ಪಟ್ಟಿಯಲ್ಲಿಲ್ಲದ ಪರೀಕ್ಷೆಗೆ.
ಮರುದಿನ ಬಟ್ಟೆ ಬಿಚ್ಚಿದರೆ ಎರಡು ರೊಟ್ಟಿ.
ಒಂದು ಚೆನ್ನಾಗಿ ಉಬ್ಬಿತ್ತಂತೆ, ಒಂದಕ್ಕೆ ಅಂಚು ಸೀಳಿತ್ತು.
ಯಾವುದು ಯಾವ ಸಾಲಿನದು, ಹೇಳಲಿಲ್ಲ.
ಸೀಳಿದ್ದನ್ನೇ ಮೊದಲು ತಿಂದೆ.