ಹಿಮದ ಬದು

ಬೆಳಗಿನ ನಾಲ್ಕಕ್ಕೆ ಡುಲೂತಿನ ಏರುಬೀದಿಯಲ್ಲಿ
ಹಳದಿ ದೀಪ ತಿರುಗಿಸುತ್ತ ಬರುತ್ತದೆ ನಗರಸಭೆಯ ಲಾರಿ.
ಮುಂದೆ ಕಟ್ಟಿದ ಉಕ್ಕಿನ ಹಲಗೆ
ರಸ್ತೆಯ ಹಿಮವನ್ನೆಲ್ಲ ಬಾಚಿ ಬದಿಗೆ ತಳ್ಳಿ
ನನ್ನ ಕಾರು ಹೊರಡುವ ದಾರಿಯ ಬಾಯಿಗೆ
ಮೊಣಕಾಲೆತ್ತರ ಬದು ಹಾಕಿ ಹೋಗುತ್ತದೆ.
ಒಳಗೆ ಕೂತವನು ಆರ್ನೆ.
ನನ್ನ ಒಡಹುಟ್ಟಿದವನು.

ಅವನದು ಯೂನಿಯನ್ ಕೆಲಸ.
ಗಂಟೆಗೆ ಮೂವತ್ತೊಂದು ಡಾಲರು, ರಾತ್ರಿಗೆ ಒಂದೂವರೆ ಪಟ್ಟು,
ಹಲ್ಲಿಗೆ ವಿಮೆ, ಕಣ್ಣಿಗೆ ವಿಮೆ, ಅರವತ್ತೆರಡಕ್ಕೆ ಪಿಂಚಣಿ.
ನನ್ನದು ಗೋದಾಮು.
ಹತ್ತೊಂಬತ್ತು ಡಾಲರು. ಮಣಿಕಟ್ಟಿಗೆ ಕಟ್ಟಿದ ಯಂತ್ರ
ನಾನು ಮೂತ್ರಕ್ಕೆ ಹೋದ ನಿಮಿಷವನ್ನೂ ಎಣಿಸುತ್ತದೆ.
ಕಾಗದದ ಗಿರಣಿಯಲ್ಲಿದ್ದಾಗ ನನಗೂ ಇತ್ತು ಹಲ್ಲಿನ ವಿಮೆ.
ಗಿರಣಿ ಮುಚ್ಚಿದ ವರ್ಷ ದವಡೆ ಹಲ್ಲು ಎರಡು ಹೋದವು;
ಆ ಸಂದಿಯಲ್ಲಿ ನಾಲಿಗೆ ಆಡಿಸುತ್ತ
ಅಣ್ಣನ ಸಂಬಳ ಲೆಕ್ಕ ಹಾಕುವುದು ಅಭ್ಯಾಸವಾಯಿತು.

"ನನ್ನ ತೆರಿಗೆಯಲ್ಲಿ ನಿನ್ನ ಹಲ್ಲು ಹೊಳೆಯುತ್ತಿದೆ"
ಅಂದೆ ಒಮ್ಮೆ, ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿನಲ್ಲಿ.
ಟರ್ಕಿಯ ಕಾಲು ಮುರಿಯುತ್ತ ಆರ್ನೆ ಅಂದ:
"ತೆರಿಗೆ ನಾನೂ ಕಟ್ಟುತ್ತೇನೆ ಮಾರಾಯ.
ನಿನಗೆ ಕಮ್ಮಿ ಕೊಡುವವನು ನಾನಲ್ಲವಲ್ಲ."
ಸರಿಯಾದ ಮಾತು. ಅದಕ್ಕೇ ಕೋಪ ಬಂತು.
ಗೋದಾಮಿನ ಒಡೆಯನ ಮುಖ ನಾನು ಕಂಡಿಲ್ಲ;
ಯಾವ ರಾಜ್ಯದವನೋ, ಯಾವ ಬ್ಯಾಂಕಿನವನೋ.
ಕಾಣದವನ ಮೇಲೆ ಸಿಟ್ಟು ನಿಲ್ಲುವುದಿಲ್ಲ, ಜಾರುತ್ತದೆ.
ಮೇಜಿನಾಚೆ ಕೂತವನ ಮೇಲೆ ಚೆನ್ನಾಗಿ ಕೂರುತ್ತದೆ.

ಜನವರಿಯಲ್ಲಿ ಮುಷ್ಕರ ಹೂಡಿದರು.
ಲಾರಿಗಳೆಲ್ಲ ಶೆಡ್ಡಿನಲ್ಲಿ; ಆರ್ನೆ ಗೇಟಿನ ಹೊರಗೆ,
ತಗಡಿನ ಡ್ರಮ್ಮಿನಲ್ಲಿ ಸೌದೆ ಉರಿಸಿಕೊಂಡು, ಕೊರಳಿಗೆ ರಟ್ಟಿನ ಬರಹ.
ಸರೋವರದ ಕಡೆಯಿಂದ ಎರಡು ಹಗಲು ಒಂದೇ ಸಮ ಸುರಿಯಿತು.
ಎರಡನೆಯ ರಾತ್ರಿ ಫೋನಿಗೆ ಗುತ್ತಿಗೆದಾರನ ಸಂದೇಶ:
ಭಾರಿ ವಾಹನದ ಲೈಸೆನ್ಸು ಇದ್ದವರು ಬೇಕು,
ಗಂಟೆಗೆ ನಲವತ್ತು, ಕೈಗೆ ನಗದು, ಐದಕ್ಕೆ ಶೆಡ್ಡಿನ ಹತ್ತಿರ.
ಗಿರಣಿಗೆ ದಿಮ್ಮಿ ಸಾಗಿಸಿದ ಲೈಸೆನ್ಸು ಇನ್ನೂ ಜೀವ ಹಿಡಿದಿತ್ತು.
ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ.
ಮಗ್ಗುಲು ಬದಲಿಸಿದೆ, ಮತ್ತೆ ಬದಲಿಸಿದೆ.
ಮಾರ್ಲಿಸ್ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು:
"ಹೋಗುವುದಾದರೆ ಟೋಪಿ ಮುಖದ ತನಕ ಎಳೆದುಕೋ.
ಅವನು ಗುರುತು ಹಿಡಿಯಬಾರದಲ್ಲ."

ಹೊರಟೆ, ಸುಳ್ಳೇಕೆ ಹೇಳಲಿ.
ಸಲಿಕೆ ಹಿಡಿದು ದಾರಿಯ ಬಾಯಿಗೆ ಬಂದರೆ
ಬದು ಇರಲಿಲ್ಲ.
ರಸ್ತೆಯೂ ಇರಲಿಲ್ಲ.
ನನ್ನ ಅಂಗಳ, ಎದುರುಮನೆಯ ಅಂಗಳ, ನಡುವಿನ ಬೀದಿ
ಎಲ್ಲ ಒಂದೇ ಮಟ್ಟ, ಸೊಂಟದವರೆಗೆ.
ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.
ನಾನು ಬೇಡಿದ ಸಮಾನತೆ ಇದೇ ಇರಬೇಕು.
ಅಂಚೆಪೆಟ್ಟಿಗೆಯ ಕೆಂಪು ಬಾವುಟ ಮಾತ್ರ ಮೇಲಿತ್ತು,
ಮುಳುಗುವವನ ಬೆರಳಿನ ಹಾಗೆ.
ಒಂದು ಗಂಟೆ ಅಗೆದೆ. ಕಾರಿನ ಮೂತಿ ಹೊರಬಂತು, ಅಷ್ಟೆ.
ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಕಿಚ್ಚು
ಒಂದು ಸಲಿಕೆ ಹಿಮವನ್ನೂ ಕರಗಿಸಲಿಲ್ಲ.
ಹೀಗೆ ನಾನು ಹೋಗಲಿಲ್ಲ. ತಡೆದದ್ದು ಹಿಮ;
ಮನಸ್ಸಾಕ್ಷಿ ಅಂತ ಹೇಳಿಕೊಳ್ಳಲಾರೆ.

ಹನ್ನೊಂದನೆಯ ದಿನ ರಾಜಿ. ಕೇಳಿದ್ದರಲ್ಲಿ ಅರ್ಧ ಸಿಕ್ಕಿತಂತೆ.
ಬದು ಮತ್ತೆ ಬಂತು.

ನಿನ್ನೆ ಊಟದ ಬಿಡುವಿನಲ್ಲಿ ಹೊದಾನ್,
ಮೂರನೆಯ ಸಾಲಿನಲ್ಲಿ ಪೆಟ್ಟಿಗೆಗೆ ಟೇಪು ಹಚ್ಚುವ ಸೊಮಾಲಿ ಹುಡುಗಿ,
ಡಬ್ಬಿಯ ಮುಚ್ಚಳ ತೆಗೆಯುತ್ತ ತಲೆ ಎತ್ತದೆ ಕೇಳಿದಳು:
"ನಿನ್ನ ಅಣ್ಣನವರು ಮೊದಲು ಎಷ್ಟು ಜನ ಸೇರಿ ಶುರುಮಾಡಿದರು?
ಸಹಿ ಯಾರು ಹಾಕಿಸಿದರು?"
ಗೊತ್ತಿಲ್ಲ ಅಂದೆ.
ಇಷ್ಟು ವರ್ಷ ಅವನ ಸಂಬಳ ಕೇಳಿದ್ದೇನೆ, ಇದನ್ನು ಕೇಳಿರಲಿಲ್ಲ.
ಮಣಿಕಟ್ಟು ಕೀಚ್ ಅಂದಿತು. ಎದ್ದೆವು.

ಈಗ ಮೂರೂ ಮುಕ್ಕಾಲು.
ನಿನ್ನೆಯ ಬದುವಿಗೆ ಸಲಿಕೆ ಊರಿ ನಿಂತಿದ್ದೇನೆ.
ಏರಿನ ಕೆಳಗೆ ಹಳದಿ ಬೆಳಕು, ಒಮ್ಮೆ ಗೋಡೆಗೆ, ಒಮ್ಮೆ ಮರಕ್ಕೆ.
ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾನೋ,
ನಿಲ್ಲಿಸಬಾರದೆಂಬ ನಿಯಮವಿದೆಯೋ,
ಮೊದಲ ಮಾತು ಯಾವುದೋ.
ನಾಲಿಗೆ ಹಲ್ಲಿನ ಸಂದಿಯಲ್ಲೇ ಆಡುತ್ತಿದೆ.