ಹದಿನೇಳನೆಯ ಅಚ್ಚು

ಆರಿಯಾಕೆ ಕಡಲು ಇಳಿದಾಗ
ಐದು ಕಿಲೋಮೀಟರು ಕೆಸರು ಬಯಲಿಗೆ ಬೀಳುತ್ತದೆ.
ನೆಲವೆಂದು ನಂಬಿ ಕಾಲಿಟ್ಟವರ
ಮೊಣಕಾಲು ನುಂಗಿ
ಆಮೇಲೆ ಮಾತಿಗಿಳಿಯುತ್ತದೆ.

ಅಮ್ಮನಿಗೆ ಅದರ ಮಾತು ಬರುತ್ತಿತ್ತು.
ಒಂದು ಮಂಡಿ ಹಲಗೆಯ ಮೇಲೂರಿ
ಇನ್ನೊಂದು ಕಾಲಲ್ಲಿ ಕೆಸರನ್ನು ಹಿಂದಕ್ಕೊದೆಯುತ್ತ
ಸರ್ರನೆ ಸರಿದುಹೋಗುವಳು, ಕೈಯಲ್ಲಿ ಉದ್ದನೆಯ ಗಾಳದ ಕೋಲು.
ದೂರದಲ್ಲಿ ಮುತ್ಸುಗೊರೊ ಮೀನು,
ಕಣ್ಣು ನೆತ್ತಿಗೇರಿದ್ದು
(ಸೊಕ್ಕಿಗಲ್ಲ ಪಾಪ, ಹುಟ್ಟೇ ಹಾಗೆ).
ಗಾಳ ಬೀಸಿದರೆ ಹತ್ತಕ್ಕೆ ಎಂಟು ತಪ್ಪುತ್ತಿರಲಿಲ್ಲ.
‘ಇದರ ಮೇಲೆ ನಿಲ್ಲಬೇಡ ಮಿಸಾವೊ,
ನಿಂತರೆ ಕೆಟ್ಟೆ. ಹೋಗ್ತಾ ಇರು.’

ನಾನು ನಿಲ್ಲಿಸುವ ಕೆಲಸಕ್ಕೆ ಸೇರಿದೆ.

ಹದಿನಾಲ್ಕು ಮೀಟರು ಆಳದಿಂದ
ಕೊಳವೆಯೊಳಗೆ ಕೂತು ಬರುತ್ತದೆ ಜೇಡಿ,
ಬೂದುಗಪ್ಪು, ಕೊಳೆತ ಮೊಟ್ಟೆಯ ನಾತ,
ಒಮ್ಮೊಮ್ಮೆ ಒಂದು ಚಿಪ್ಪು, ಇನ್ನೂ ಬಾಯಿ ಮುಚ್ಚಿಕೊಂಡದ್ದು.
ನೂರು ಪಾಲು ಮಣ್ಣಿಗೆ ನೂರಮೂವತ್ತು ಪಾಲು ನೀರು.
ಇದರ ಮೇಲೆ ಹೆದ್ದಾರಿ ಹೋಗಬೇಕು,
ಲಾರಿಗಳು ಹೋಗಬೇಕು, ಸಿಮೆಂಟಿನ ಲಾರಿಗಳೂ.

ಎಗಾಶಿರಾ ಅವರು ಪಟ್ಟಿ ಕೊಡುತ್ತಾರೆ: ಸಿಮೆಂಟು ಇಷ್ಟು, ಹಾರುಬೂದಿ ಇಷ್ಟು.
ಸಿಮೆಂಟಿನದು ಅವಸರ. ಮುಟ್ಟಿದರೆ ಬೆಚ್ಚಗೆ,
ನಾಳೆಯೊಳಗೆ ಹಿಡಿದುಕೊಳ್ಳುತ್ತದೆ.
ಬೂದಿಗೆ ಎಲ್ಲಿಯ ಆತುರ?
ಸೂಕ್ಷ್ಮದರ್ಶಕದ ಕೆಳಗೆ ಗುಂಡುಗುಂಡನೆಯ ಗಾಜಿನ ಕಾಳು,
ಯಾವುದೋ ದೇಶದ ಕಾಡು,
ನೆಲದಡಿ ಕಲ್ಲಿದ್ದಲಾಗಿ ಬಿದ್ದಿದ್ದದ್ದು
ಯಾರದೋ ಮನೆಯ ಒಂದು ಸಂಜೆಯ ಅನ್ನಕ್ಕೆ ಉರಿದು
ಚಿಮಣಿಯ ಬಾಯಲ್ಲಿ ಸಿಕ್ಕಿಬಿದ್ದ ಹಿಟ್ಟು.
ಸಿಮೆಂಟು ಬಿಟ್ಟುಕೊಟ್ಟ ಸುಣ್ಣವನ್ನು
ಕತ್ತಲಲ್ಲಿ ತಡವಿ ತಡವಿ ಹುಡುಕಿ
ತಿಂಗಳುಗಟ್ಟಲೆ ಬೆಸೆಯುತ್ತಲೇ ಇರುತ್ತದೆ.
ಸುಟ್ಟುಹೋದದ್ದರ ಕೆಲಸ ಮುಗಿದಿರುವುದಿಲ್ಲ.

ಹತ್ತು ನಿಮಿಷ ಕಲಸು. ಅಚ್ಚಿಗೆ ತುಂಬು.
ಮೇಜಿಗೆ ಕುಟ್ಟು, ಗುಳ್ಳೆ ಹೋಗಲಿ.
ಮತ್ತೆ ತುಂಬು. ಮತ್ತೆ ಕುಟ್ಟು.

ಅವತ್ತು ನಾನು ಮರೆತ ಊಟದ ಡಬ್ಬಿ ಹಿಡಿದು ಅಮ್ಮ ಬಂದಳು.
ತಟ್ಟೆಯಲ್ಲಿ ಮಿಕ್ಕಿದ್ದ ಹಸಿ ಜೇಡಿಯನ್ನು
ಬೆರಳ ತುದಿಯಲ್ಲಿ ತೆಗೆದು ನಾಲಗೆಗಿಟ್ಟಳು.
‘ಉಪ್ಪು ಕಡಿಮೆ. ಹೊಳೆ ಬಾಯಿಯದ್ದು.’
(ಲವಣದ ವರದಿ ಬರಲು ಇನ್ನೂ ನಾಲ್ಕು ದಿನವಿತ್ತು.
ಅವಳು ಹೇಳಿದ್ದೇ ಬಂತು.)
ಹಾಗೆಯೇ ಮಾತಾಡುತ್ತ, ಕೇಳದೆ,
ಹದಿನೇಳನೆಯ ಅಚ್ಚಿಗೆ ಹೆಬ್ಬೆರಳು ಒತ್ತಿದಳು.
ಉಗುರು ಮುಳುಗುವಷ್ಟು.

ನಿಯಮದ ಪ್ರಕಾರ ಎಸೆಯಬೇಕಿತ್ತು.

ಇಪ್ಪತ್ತೆಂಟು ದಿನ, ಇಪ್ಪತ್ತು ಡಿಗ್ರಿ,
ಪ್ಲಾಸ್ಟಿಕ್ ಸುತ್ತಿ ಮಲಗಿಸಿದ ಸಾಲು.
ಒಂದೊಂದನ್ನೇ ಯಂತ್ರದಡಿ ನಿಲ್ಲಿಸಿದೆ.
ಮುಳ್ಳು ಏರುತ್ತದೆ, ಏರುತ್ತದೆ, ತಡವರಿಸುತ್ತದೆ;
ಓರೆಯಾಗಿ ಒಂದು ಬಿರುಕು.
ಹಸಿ ಮಣ್ಣು ಹೊರುತ್ತಿದ್ದದ್ದರ ನಲವತ್ತು ಪಟ್ಟು!
ಎಗಾಶಿರಾ ಅವರು ‘ಹೂಂ’ ಅಂದರು. ಅದೇ ಅವರ ಹಬ್ಬ.

ಹದಿನೇಳನ್ನು ಜೇಬಲ್ಲಿಟ್ಟುಕೊಂಡು ಮನೆಗೆ ಹೋದೆ.
ಅಮ್ಮ ತನ್ನ ಗುರುತಿನೊಳಗೆ ಬೆರಳಿಟ್ಟು ಒತ್ತಿದಳು.
ಹೋಗಲಿಲ್ಲ. ಇನ್ನಷ್ಟು ಒತ್ತಿದಳು. ಉಗುರು ಬೆಳ್ಳಗಾಯಿತು.
‘ಮೀನು ಎಲ್ಲಿ ಬಿಲ ತೋಡಬೇಕು?’
ರಸ್ತೆ ಹೋಗುವುದು ಕಟ್ಟೆಯ ಈಚೆ, ಗದ್ದೆಯಲ್ಲಿ, ಅಂದೆ.
ಅಲ್ಲಿ ಮೀನಿಲ್ಲ.
‘ಗೊತ್ತು. ನನ್ನಜ್ಜಿ ಅಲ್ಲೇ ಹಲಗೆ ಓಡಿಸುತ್ತಿದ್ದದ್ದು.
ಎಷ್ಟಗಲ ನಿಮ್ಮ ರಸ್ತೆ?’
ಇಪ್ಪತ್ತೈದು ಮೀಟರು.
ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದಳು.
‘ಹದಿನೈದು ಒದೆತ,’ ಅಂದಳು.

ವರದಿಯಲ್ಲಿ ಬರೆದೆ:
ಮಾದರಿ ಹದಿನೇಳು, ತಿರಸ್ಕೃತ. ಮೇಲ್ಮೈ ಸಮವಿಲ್ಲ.
ಈಗ ನನ್ನ ಮೇಜಿನ ಮೇಲಿದೆ.
ತೊಂಬತ್ತು ದಿನ ಕಳೆದವು,
ಒಳಗೆ ಬೂದಿ ಇನ್ನೂ ಕೆಲಸದಲ್ಲಿದೆ.
ಆ ಗುಳಿ, ರಬ್ಬರು ಇಡಲು
ಹೇಳಿ ಮಾಡಿಸಿದ ಹಾಗಿದೆ.